ಸೈಕಲ್ ಬಾರಿನ ಮೇಲೆ ಗಿರಿಜೆ

ಭಾನುವಾರ, 6 ಏಪ್ರಿಲ್ 1958. ಸಂಜೆ

ಮತ್ತೆ ಮರಳು. ಲಂಗದ ನೆರಿಗೆಯಲ್ಲಿ, ಜಡೆಯಲ್ಲಿ, ಕಿವಿಯೊಳಗೆ. ಗಿರಿಜೆಗೆ ಎರಡನೇ ಸಲ ನೀರು ಹಾಕಿದೆ. ತೊಡೆಯ ಹಿಂದೆ ಉದ್ದಕ್ಕೂ ಕೆಂಪು ಬರೆ... ಸೈಕಲ್ ಬಾರಿನದು. ಕೊಬ್ಬರಿ ಎಣ್ಣೆ ಹಚ್ಚುವಾಗ ಹಲ್ಲು ಕಚ್ಚಿಕೊಂಡಳು. ಆರು ವರ್ಷದ ಮಗು. ಅಳಲಿಲ್ಲ. ಅತ್ತರೆ ಮುಂದಿನ ಭಾನುವಾರ ಬಿಟ್ಟುಹೋಗುತ್ತಾರೆಂದು ಭಯ.

ಒಂಟಿಕೊಪ್ಪಲಿನಿಂದ ಬಲಮುರಿಯ ಹೊಳೆ ದಂಡೆಗೆ ಎರಡು ಸೈಕಲ್. ಒಂದರಲ್ಲಿ ಇವರು, ಹಿಂದೆ ಕ್ಯಾರಿಯರ್ ಮೇಲೆ ನಾನು. ಇನ್ನೊಂದರಲ್ಲಿ ಭಾವ — ಇವರ ಅಣ್ಣ ಶಿವಲಿಂಗಯ್ಯನವರು. ಅವರ ಹಿಂದೆ ಮಗ ಸುಂದರೇಶ, ಮುಂದೆ ಬಾರಿನ ಮೇಲೆ ನನ್ನ ಮಗಳು. ಯಾರು ಎಲ್ಲಿ ಕೂರಬೇಕೆಂದು ಭಾವನ ತೀರ್ಪು. ಸುಂದರೇಶನ ಕೆಳಗೆ ದಿಂಬು. ಗಿರಿಜೆಯ ಕೆಳಗೆ ಬರೀ ಕಬ್ಬಿಣ.

ಅವಳಿಗೂ ಏನಾದರೂ ಹಾಸಬಾರದೇ ಎಂದು ಇವರ ಕೈಲಿ ಕೇಳಿಸಿದೆ. ಭಾವ ನಕ್ಕರು. "ನಾವೆಲ್ಲ ನಡ್ಕೊಂಡೇ ಹೋಗ್ತಿದ್ವಿ ಕಣೋ ರುದ್ರ. ಇವಳಿಗೆ ಸೈಕಲ್ ಸಿಕ್ಕಿದ್ದೇ ಹೆಚ್ಚು."

ಇವರೂ ನಕ್ಕರು. ಅದೇ ನನಗೆ ಉರಿದದ್ದು.

ಶನಿವಾರ, 12 ಏಪ್ರಿಲ್

ಹಳೇ ಕೌದಿ ಕತ್ತರಿಸಿ ಮೆತ್ತೆ ಹೊಲಿದೆ. ಒಳಗೆ ಬೂರುಗದ ಹತ್ತಿ. ಬಾರಿಗೆ ಬಿಗಿಯಲು ನಾಲ್ಕು ದಾರ. ಗಿರಿಜೆ ಅದರ ಮೇಲೆ ಕೂತು ಕೂತು ನೋಡಿದಳು. ಸೈಕಲ್ ಬೆಲ್ ಬಾಯಲ್ಲೇ ಬಾರಿಸಿದಳು.

ಭಾನುವಾರ, 13 ಏಪ್ರಿಲ್. ರಾತ್ರಿ

 ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹೊರಡುವಾಗಲೇ ಭಾವ ಮೆತ್ತೆ ಬಿಚ್ಚಿ ಜಗುಲಿಯ ಮೇಲೆ ಎಸೆದರು. "ಇದೇನು ಸೈಕಲ್ಲೋ, ಮದುವೆ ಮನೆ ಸೋಫಾನೋ?" ಸುಂದರೇಶ ಕಿಸಕ್ಕೆಂದ. ಇವರು ಟೈರ್ ಒತ್ತಿ ನೋಡುತ್ತಾ ಕೂತರು. ಗಾಳಿ ತುಂಬಿಯೇ ಇತ್ತು.

ಬೆಳಗೊಳದ ಹತ್ತಿರ ನೀರು ಕುಡಿಯಲು ನಿಂತೆವು. ಬಿಸಿಲು ಏರಿತ್ತು. ಗಿರಿಜೆಯ ತಲೆಗೆ ಹಾಕಲು ಟವೆಲ್ ನೆನೆಸಿಕೊಂಡು ಬರೋಣವೆಂದು ಬಾವಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಅವಳನ್ನು ಬಾರಿನ ಮೇಲೆ ಕೂರಿಸಿಯಾಗಿತ್ತು. ಮಡಿಲಲ್ಲಿ ಟಿಫಿನ್ ಕ್ಯಾರಿಯರ್! ಅದರ ತುಂಬ ಚಿತ್ರಾನ್ನ. ಎರಡೂ ಕೈಲಿ ತಬ್ಬಿಕೊಂಡಿದ್ದಾಳೆ. ಹ್ಯಾಂಡಲ್ ಹಿಡಿಯುವುದು ಯಾವ ಕೈಲಿ? "ಭಾವಾ..." ಎನ್ನುವಷ್ಟರಲ್ಲಿ ಪೆಡಲ್ ತುಳಿದಾಗಿತ್ತು.

ಒಂದು ಫರ್ಲಾಂಗೂ ಹೋಗಿರಲಿಲ್ಲ. ಅವಳ ಕೂಗು. ಅಷ್ಟು ದೂರ ಕಬ್ಬಿಣದ ಮೇಲೆ ಕೂತು ಕಾಲು ಮೊದಲೇ ಜೋಮು ಹಿಡಿದು ಜೋತುಬಿದ್ದಿತ್ತಂತೆ, ಹಿಮ್ಮಡಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿತು. ರಸ್ತೆಯ ತುಂಬ ಅನ್ನ. ಅದರ ಮೇಲೆ ರಕ್ತ.

ಸೌದೆ ಲಾರಿ ಹತ್ತಿ ಆಸ್ಪತ್ರೆಗೆ ಬಂದೆವು. ಐದು ಹೊಲಿಗೆ. ಭಾವ ಬಾಗಿಲಲ್ಲಿ ನಿಂತು, "ಸುಮ್ನೆ ಕೂತ್ಕೋ ಅಂದ್ರೆ ಕೂರ್ಬೇಕಮ್ಮ. ಕಾಲು ಯಾಕೆ ಆಡಿಸ್ದೆ?" ಎಂದರು.

ಮಗು ಬಿಕ್ಕುತ್ತಾ ಹೇಳಿತು — "ತಪ್ಪಾಯ್ತು ದೊಡ್ಡಪ್ಪ."

ಕಾಲು ಹರಿದದ್ದು ಅವಳದು. ತಪ್ಪಾಯ್ತು ಅಂದದ್ದೂ ಅವಳೇ. ಇವರು ಗೋಡೆ ನೋಡುತ್ತಿದ್ದರು.

ಸೋಮವಾರ, 14

ಕೇಳಿಯೇ ಬಿಟ್ಟೆ. "ಅಣ್ಣನ್ನ ಒಂದು ಮಾತು ಕೇಳೋಕೆ ಬಾಯಿಲ್ವಾ ನಿಮಗೆ? ಕ್ಯಾರಿಯರ್ ಯಾಕೆ ಮಗು ಕೈಗೆ ಕೊಟ್ರಿ ಅಂತ?"

"ಆಗಿದ್ದು ಆಗೋಯ್ತು. ಬುಡು ಮಂಜುಳಾ."

ಬಿಡಬೇಕಂತೆ.

ಶುಕ್ರವಾರ, 2 ಮೇ

ಇಷ್ಟು ದಿನ ಬರೆಯಲಿಲ್ಲ. ಹೊಲಿಗೆ ಬಿಚ್ಚಿಯಾಯಿತು. ಕುಂಟುತ್ತಾಳೆ. ಸುಂದರೇಶ ಅವಳ ಹಿಂದೆ ಕುಂಟಿ ತೋರಿಸುತ್ತಾನೆ — "ಅನ್ನ ಚೆಲ್ಲಿದ ಗಿರಿಜೆ, ಅನ್ನ ಚೆಲ್ಲಿದ ಗಿರಿಜೆ."

ಭಾವನ ಹೊಸ ತೀರ್ಪು: "ಹೆಣ್ಮಗು ಇನ್ನು ಮನೇಲೇ ಇರ್ಲಿ." ಎರಡು ಭಾನುವಾರ ಹಾಗೇ ನಡೆಯಿತು. ಇವರೂ ಹೋದರು! ಅಣ್ಣ ಕರೆದರಂತೆ, ಇಲ್ಲ ಅನ್ನಲು ಆಗಲಿಲ್ಲವಂತೆ. ಬಂದು ಪಂಚೆಯ ಮರಳು ಅಂಗಳದಲ್ಲಿ ಕೊಡವಿದರು. ಗಿರಿಜೆ ಆ ಮರಳನ್ನು ಬೆರಳಲ್ಲಿ ಗುಡ್ಡೆ ಮಾಡುತ್ತಾ ಕೂತಳು. ನೋಡಲಾರದೆ ಒಳಗೆ ಬಂದೆ. ರಾತ್ರಿ ಇವರಿಗೆ ಬಡಿಸಲಿಲ್ಲ. ತಾವೇ ಹಾಕಿಕೊಂಡು ಉಂಡರು. 

ಸೋಮವಾರ, 5 ಮೇ

ಮಧ್ಯಾಹ್ನ ಇವರ ಸೈಕಲ್ ತಳ್ಳಿಕೊಂಡು ದೊರೆಸ್ವಾಮಿಯ ಅಂಗಡಿಗೆ ಹೋದೆ, ಸೈಕಲ್ ರಿಪೇರಿಯವನು. ಬೀದಿಯೆಲ್ಲ ನೋಡಿತು. ನೋಡಲಿ.

ಹೇಳಿದೆ — ಬಾರಿನ ಮೇಲೆ ಮಗುವಿಗೆ ಪುಟ್ಟ ಸೀಟು. ಬೆನ್ನಿಗೆ ಒರಗು. ಕಾಲಿಡಲು ಎರಡು ಕಂಬಿ, ಪಾದ ಜಾರದಂತೆ ತೊಗಲಿನ ಪಟ್ಟಿ.

"ಯಜಮಾನ್ರು ಒಪ್ಕೊಂಡವ್ರಾ ಅಮ್ಮಾವ್ರೇ?"

"ಸೈಕಲ್ ನಮ್ಮಪ್ಪ ಕೊಡಿಸಿದ್ದು."

ಅವನು ಮತ್ತೆ ಕೇಳಲಿಲ್ಲ. ನಾಳೆ ಮಗುವನ್ನೇ ಕರೆತನ್ನಿ, ಕಾಲಿನ ಉದ್ದ ನೋಡಬೇಕು ಅಂದ. ಈ ಮನೆಯಲ್ಲಿ ಯಾರಿಗೂ ಹೊಳೆಯದ ಮಾತು.

ಗುರುವಾರ, 8 ಮೇ

ಸೀಟು ಬಂತು. ಭಾವ ನೋಡಿದರು. "ರುದ್ರಾ, ಬಿಚ್ಚಿಸೋ ಅದನ್ನ. ಬೀದೀಲಿ ನಗ್ತಾರೆ."

ಇವರು ಸ್ಪ್ಯಾನರ್ ತರಲು ಎದ್ದರು. ಎದ್ದೇಬಿಟ್ಟರು!

ಆಮೇಲೆ ಏನಾಯಿತೋ... ಮದುವೆಯಾಗಿ ಎಂಟು ವರ್ಷದಲ್ಲಿ ಭಾವನಿಗೆ ಎದುರು ನಿಂತು ಮಾತಾಡಿದವಳಲ್ಲ. ಮಾತಾಡಿದೆ. "ನಿಮ್ಮ ಮಗನಿಗೆ ದಿಂಬು ಹಾಕಿದಾಗ ಬೀದಿಯೋರು ನಗ್ಲಿಲ್ವಾ ಭಾವ? ಅವಳಿಗೆ ಹೊಲಿದ ಮೆತ್ತೆ ಎಸೆದ್ರಿ. ಕೂಸಿನ ಕೈಗೆ ಕ್ಯಾರಿಯರ್ ಹೊರಿಸಿದ್ರಿ. ಕಾಲು ಸೀಳ್ತು. ಆಮೇಲೆ ಅವಳ ಬಾಯಲ್ಲೇ ತಪ್ಪಾಯ್ತು ಅನ್ನಿಸಿದ್ರಿ. ನಿಮಗೆ ಅನ್ನ ಹೇಗೆ ಇಳಿಯುತ್ತೆ?"

ಭಾವ ನನ್ನನ್ನು ನೋಡಿದರು. ತಮ್ಮನನ್ನು ನೋಡಿದರು, ತುಂಬಾ ಹೊತ್ತು. ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರ ಹೆಂಡತಿ ಸಿದ್ದಲಿಂಗಕ್ಕ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಗೆದ್ದೆ ಅಂದುಕೊಂಡೆ.

ಅದೇ ದಿನ, ದೀಪ ಹಚ್ಚಿದ ಮೇಲೆ

ಇವರು ಅಡುಗೆಮನೆಗೆ ಬಂದರು. ಹೊಸ್ತಿಲ ಮೇಲೆ ಕೂತರು.

"ಕ್ಯಾರಿಯರ್ ಕೊಟ್ಟಿದ್ದು ಅಣ್ಣ ಅಲ್ಲ. ನಾನು."

ಸೌಟು ಕೆಳಗಿಟ್ಟು ಅವರ ಕಡೆ ತಿರುಗಿದೆ.

"ನನ್ನ ಹ್ಯಾಂಡಲ್ಲಿಗೆ ನೇತಾಕಿದ್ನಲ್ಲ, ಮೊಣಕಾಲಿಗೆ ಬಡೀತಿತ್ತು. ಸ್ವಲ್ಪ ದೂರ ತಾನೇ ಅಂತ ಅವಳ ಕೈಗೆ ಕೊಟ್ಟೆ. ಅಣ್ಣ ಬ್ಯಾಡ ಕಣೋ ಅಂದ್ರು. ನಾನೇ, ಏನಾಗಲ್ಲ ಅಂದೆ."

ಇಪ್ಪತ್ತೈದು ದಿನ ಮುಚ್ಚಿಟ್ಟಿದ್ದರು. ಮಗು ತಪ್ಪಾಯ್ತು ಅಂದಾಗ ಇದ್ದರು. ನಾನು ಅಣ್ಣನ ಮೇಲೆ ಉರಿದು ಬಿದ್ದಾಗ ಇದ್ದರು. ಭಾವ ಬಾಯಿಬಿಡಲಿಲ್ಲ... ತಮ್ಮನ ಮಾನ ಕಾಯಲು. ಮೆತ್ತೆ ಎಸೆದದ್ದು, ಮಗುವನ್ನು ಬೈದದ್ದು ಅವರೇ, ಅದಕ್ಕೆ ನನ್ನ ಸಿಟ್ಟು ಇಳಿದಿಲ್ಲ. ಆದರೆ ಅವರು ಮಾಡದ್ದಕ್ಕೂ ಎಲ್ಲರ ಮುಂದೆ ಬೈದೆ.

"ಹೊರಗೆ ಹೋಗಿ" ಅಂದೆ.  ಇನ್ನೊಂದು ಮಾತು ಬಂದಿದ್ದರೆ ಒಳ್ಳೇದಾಗುತ್ತಿರಲಿಲ್ಲ.

ಶುಕ್ರವಾರ, 9 ಮೇ

ಗಿರಿಜೆಗೆ ತಲೆ ಬಾಚುತ್ತಾ ಕೇಳಿದೆ — ಅವತ್ತು ಕ್ಯಾರಿಯರ್ ಯಾರು ಕೊಟ್ಟಿದ್ದಮ್ಮ?

"ಅಪ್ಪ."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲಮ್ಮ."

ಅವಳ ಪರವಾಗಿ ಎಲ್ಲರ ಮೇಲೂ ಹರಿಹಾಯ್ದೆ. ಅವಳನ್ನೇ ಕೇಳಿರಲಿಲ್ಲ. ಜಡೆ ಬಿಚ್ಚಿ ಮತ್ತೆ ಮೊದಲಿಂದ ಬಾಚಿದೆ.

ಭಾನುವಾರ, 11 ಮೇ. ಸಂಜೆ

ಇವತ್ತು ನಾವು ಮೂವರೇ ಬಲಮುರಿಗೆ. ಬೆಳಕು ಹರಿಯುವ ಮೊದಲೇ ಹೊರಟೆವು. ಗಿರಿಜೆ ಸೀಟಿನಲ್ಲಿ ಕೂತಳು, ಆದರೆ ಇವರು ಪೆಡಲಿನ ಮೇಲೆ ಕಾಲಿಟ್ಟ ಕೂಡಲೇ ಚೀರಿದಳು. ಇವರು ಇಳಿದು ತಳ್ಳಿಕೊಂಡು ನಡೆದರು. ನಾನು ಪಕ್ಕದಲ್ಲಿ. ಮೂರು ಮೈಲಿ ಹಾಗೇ. ಇವರ ಅಂಗಿ ಬೆನ್ನಿಗೆ ಅಂಟಿತ್ತು. ಪಾಪ ಅನ್ನಿಸಲಿಲ್ಲ ನನಗೆ. ಆಮೇಲೆ ಅವಳೇ, "ಮೆಲ್ಲಗೆ ಹತ್ತಿ" ಅಂದಳು.

ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ಇವರು ನೀರಿಗಿಳಿದು ಅವಳ ಹಿಮ್ಮಡಿ ಕೈಲಿ ಹಿಡಿದರು. ಗಾಯದ ಗೆರೆ ಇನ್ನೂ ನಸುಗೆಂಪು.

"ನಿಂದೇನೂ ತಪ್ಪಿಲ್ಲ ಕಣಮ್ಮ. ಕ್ಯಾರಿಯರ್ ಕೊಟ್ಟಿದ್ದು ನಾನು. ತಪ್ಪು ನಂದು."

ಅವಳು ಯೋಚಿಸಿದಳು. "ಇಲ್ಲಿ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ? ಮನೇಲಿ ಹೇಳಿ. ಸುಂದರೇಶಂಗೂ ಕೇಳ್ಬೇಕು."

ಇವರ ಮುಖ ನೋಡಬೇಕಿತ್ತು. ನಾನು ಸಹಾಯಕ್ಕೆ ಹೋಗಲಿಲ್ಲ.

ಈಗ ಎಲ್ಲರನ್ನೂ ಪಡಸಾಲೆಗೆ ಕರೆದಿದ್ದಾರೆ. ಸಿದ್ದಲಿಂಗಕ್ಕ ಒಲೆ ಆರಿಸಿ ಹೋದರು. ಭಾವ ಕೆಮ್ಮುತ್ತಿದ್ದಾರೆ. ಗಿರಿಜೆ ಮಧ್ಯದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಾಳೆ — ಇಲ್ಲಿಂದಲೇ ಕಾಣುತ್ತದೆ. ನಾನೂ ಹೋಗಬೇಕು. ಅವರು ಮಾಡದ್ದಕ್ಕೆ ಬೈದೆನಲ್ಲ, ಭಾವನಿಗೆ ನಾನು ಹೇಳಬೇಕಾದ ಒಂದು ಮಾತಿದೆ. ಒಂದೇ. ಮೆತ್ತೆಯ ಲೆಕ್ಕ ಬೇರೆ, ಅದಕ್ಕೆ ಅವರೇ...

ಇವರ ದನಿ. "ಅಣ್ಣಾ, ಅವತ್ತು ಬೆಳಗೊಳದಲ್ಲಿ..."