ಅಮ್ಮನ ನಿದ್ದೆಗೆ ನಿನ್ನ ಪತ್ರಿಕೆ

ಅಪ್ಪ,

ಅಮ್ಮನ ಸೊಂಟದ ಕೀಲು ಬದಲಾಯಿಸಿದ್ದಾರೆ. ಆಪರೇಷನ್ ಚೆನ್ನಾಗಿ ಆಯಿತು, ಮನೆಗೂ ಬಂದಳು, ನಿದ್ದೆ ಮಾತ್ರ ಇಲ್ಲ. ಹೊಸ ಕೀಲು ಜಾರಬಾರದೆಂದು ಡಾಕ್ಟರು ಮಗ್ಗುಲಾಗಲು ಬಿಡುತ್ತಿಲ್ಲ. ಕಾಲುಗಳ ನಡುವೆ ದಿಂಬಿಟ್ಟುಕೊಂಡು ಅಂಗಾತ ಮಲಗಿ ಸೂರು ನೋಡುತ್ತಾಳೆ. ಜೀವಮಾನವೆಲ್ಲ ನಿನ್ನ ಕಡೆಗೆ ಮಗ್ಗುಲಾಗಿ ಮಲಗಿದವಳು. ಕಣ್ಣು ಹತ್ತಿದರೆ ಸಾಕು, ನೀನು ತೀರಿಕೊಂಡ ಮೇಲೆ ಖಾಲಿಯಿರುವ ಆ ಜಾಗದತ್ತ ಅವಳ ಮೈ ತಾನಾಗಿ ಹೊರಳುತ್ತದೆ. ನಾನು ಹಿಡಿದು ತಡೆಯುತ್ತೇನೆ, ಅವಳಿಗೆ ಎಚ್ಚರವಾಗುತ್ತದೆ.

ಇವತ್ತು ಮಧ್ಯಾಹ್ನ ನಿನ್ನ ಜಾಗದಲ್ಲಿ ಕೂತು ನಮ್ಮ ಕಾರ್ಮಿಕ ಸಂಘದ ಕರಪತ್ರ ಓದಿ ಹೇಳಿದೆ. ವಿಶ್ರಾಂತಿ ದುಡಿಯುವವರ ಹಕ್ಕು, ಯಾರೋ ಹಾಕುವ ಭಿಕ್ಷೆಯಲ್ಲ ಎಂಬ ಭಾಗ.

“ಅಯ್ಯೋ ತಾಯಿ, ಇದನ್ನ ಕೇಳಿದ್ರೆ ಎದ್ದು ಮೆರವಣಿಗೆಗೆ ಹೋಗ್ಬೇಕು ಅನ್ಸುತ್ತೆ. ನಿದ್ದೆ ಎಲ್ಲಿಂದ ಬರ್ಬೇಕು? ನಿಮ್ಮಪ್ಪ ಓದ್ತಿದ್ರಲ್ಲ, ಆ ಪೇಪರ್ ಓದು.”

ಮಾಲೀಕರ ತುತ್ತೂರಿ ಎಂದು ನಾನು ಮುಟ್ಟದ ಪತ್ರಿಕೆ. ಈಗಲೂ ಹಾಗೆಯೇ ಅನ್ನುತ್ತೇನೆ. ಅದಕ್ಕೇ ಅಲ್ಲವೇ ನಾವಿಬ್ಬರೂ ಮಾತು ಬಿಟ್ಟದ್ದು. ತರಿಸಿ ಓದಿದೆ.

ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ಗಂಟಲಿನಿಂದ ನಿನ್ನ ದನಿ ಬರತೊಡಗಿತು. ಸಾಲಿನ ಕೊನೆಯಲ್ಲಿ ಅದೇ ಎಳೆತ, ಅದೇ ಸಣ್ಣ ಕೆಮ್ಮು. ಅಮ್ಮನ ಕಣ್ಣು ಮುಚ್ಚಿತ್ತು. ಅವಳ ಕೈ ನನ್ನ ಮೊಣಕಾಲ ಮೇಲೆ ಬಂತು.

“ರೀ, ನೀವೇ ಮೊದ್ಲು ಮಾತಾಡ್ಸಿ ಮಗಳ್ನ. ಚಿಕ್ಕವಳು. ಇನ್ನೂ ಎಷ್ಟು ದಿನ ಹೀಗೆ?”

ಉತ್ತರ ಸಿಗದಿದ್ದರೆ ಅವಳು ನಿನ್ನತ್ತ ಹೊರಳುತ್ತಿದ್ದಳು. ದನಿ ಬದಲಿಸದೆ ಹೇಳಿದೆ:

“ನಾಳೆ ಮಾತಾಡಿಸ್ತೀನಿ, ಮಲ್ಕೋ.”

ಅಂಗಾತವೇ, ಬಾಯಿ ತುಸು ತೆರೆದು, ಅಮ್ಮ ನಿದ್ದೆಹೋದಳು.