ಶಾಲು ಹೊದಿಸುವ ಮುನ್ನ

ಕ್ರಿ.ಶ. ೨೧೭೮, ಎರಡನೆಯ ಜ್ಯೇಷ್ಠ ಮಾಸ
ಅರಳಿಕಟ್ಟೆ ಬಡಾವಣೆ, ನಾಲ್ಕನೆಯ ಅಡ್ಡರಸ್ತೆ

ನಿವಾಸಿಗಳ ಸಂಘದ ಅಧ್ಯಕ್ಷರಾದ ಪುಟ್ಟಮಾದಯ್ಯನವರಿಗೂ ಬೀದಿಯ ಎಲ್ಲ ಹಿರಿಯರಿಗೂ, ನಿಮ್ಮ ಕಾಲ ಕಳೆದು ಎಷ್ಟೋ ತಲೆಮಾರಿನ ಮೇಲೆ ಇದೇ ಬೀದಿಗೆ ಸೊಸೆಯಾಗಿ ಬಂದ ಗೌರಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ಆಷಾಢದಲ್ಲಿ ನಮ್ಮ ಜನ ಮನೆ ಬದಲಾಯಿಸುವುದಿಲ್ಲ ಎಂದು ನಗರಾಡಳಿತವು ಆ ತಿಂಗಳನ್ನೇ ಪಂಚಾಂಗದಿಂದ ಕಿತ್ತುಹಾಕಿ, ಜ್ಯೇಷ್ಠವನ್ನೇ ಎರಡು ಸಲ ಬರಿಸಿದೆ. ಇಂಥವರ ಕೈಯಲ್ಲಿ ನಾವಿದ್ದೇವೆ. ನನ್ನ ಮಾತಿನಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಅರ್ಥ ಅಲ್ಲಲ್ಲೇ ಹೇಳುತ್ತೇನೆ. ಈ ಪತ್ರ ಬಂದದ್ದು ಹಿನ್ನಡೆ ಅಂಚೆಯಲ್ಲಿ. ಅದು ಕಾಲದಲ್ಲಿ ಹಿಂದಕ್ಕೆ ಹೋಗುತ್ತದೆ, ಆದರೆ ಬರೆದ ಜಾಗದಲ್ಲೇ ಇಳಿಯುತ್ತದೆ. ನಿಮ್ಮ ಸಂಘದ ಕೋಣೆ ಇದ್ದ ಕಡೆಯೇ ಈಗ ನಮ್ಮ ಮನೆ, ಹಾಗಾಗಿ ಆ ಕೋಣೆಯ ಮೇಜಿನ ಮೇಲೆ ಇದು ಸಿಕ್ಕಿದರೆ ಯಾರೋ ಪೋಕರಿಗಳ ಕೆಲಸ ಎಂದುಕೊಳ್ಳಬೇಡಿ. ಕಳಿಸುವ ಮೊದಲು ಅಂಚೆಯವರು ಒಡೆದು ಓದುತ್ತಾರೆ ಎಂಬ ಗುಮಾನಿ ನನಗಿದೆ. ಓದಿಕೊಳ್ಳಲಿ.

ನಿಮ್ಮ ಊರಿನ ಮನೆಗಳ ವಲಯವನ್ನೆಲ್ಲ ಬದಲಾಯಿಸುತ್ತೇವೆ, ಆಕ್ಷೇಪವಿದ್ದರೆ ಹೇಳಿ ಎಂದು ನಿಮಗೆ ನೋಟಿಸು ಬಂದಿದೆಯಲ್ಲ, ಅದಕ್ಕೆ ನಾವು ಬಣ್ಣ ಬಳಿಯುವುದು ಎನ್ನುತ್ತೇವೆ. ಊರಿನ ನಕ್ಷೆ ಬಿಡಿಸಿ ಬೀದಿ ಬೀದಿಗೆ ಬಣ್ಣ ಹಾಕುತ್ತಾರೆ. ನೆಲದ ಬಣ್ಣವಿದ್ದರೆ ಬಾಗಿಲು ಬೀದಿಗೇ ತೆರೆಯಬಹುದು, ಮುಗಿಲ ಬಣ್ಣ ಬಿದ್ದರೆ ಮನೆ ಕೆಡವಿ ನಮ್ಮನ್ನು ಹತ್ತೊಂಬತ್ತನೆಯ ಅಂತಸ್ತಿಗೋ ಇಪ್ಪತ್ತನೆಯದಕ್ಕೋ ಏರಿಸುತ್ತಾರೆ. ಅಡುಗೆಮನೆಯಲ್ಲಿ ಗಾಳಿಯನ್ನು ಕೊಳವೆಯಿಂದ ಬಿಡುತ್ತಾರೆ, ಒಗ್ಗರಣೆ ಹಾಕಿದರೆ ಗೋಡೆಯೇ ಕೆಮ್ಮಿ ಎಚ್ಚರಿಸುತ್ತದೆ. ಎತ್ತರದ ಮನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಸೇತುವೆಯ ಅಡಿಯಲ್ಲಿ ಸಂಸಾರ ಮಾಡುತ್ತಿದ್ದವರಿಗೆ ಸೂರು ಸಿಕ್ಕಿದ್ದು ಅದರಿಂದಲೇ. ನನಗೆ ಅನುಮಾನವಿರುವುದು ಅವರು ನಮ್ಮನ್ನು ಕೇಳುವ ರೀತಿಯಲ್ಲಿ.

ನಮ್ಮ ಬೀದಿಗೆ ಈ ವರ್ಷ ಮುಗಿಲ ಬಣ್ಣ ಎಂದು ಸುದ್ದಿ ಬಂದಾಗ ನಾನು ಮೊದಲು ನೆನೆದದ್ದು ಅತ್ತೆಯನ್ನು. ಅತ್ತೆ ಚೆನ್ನಾಜಮ್ಮನವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಆದರೂ ದಿನ ಬೆಳಗಾದರೆ ಒಬ್ಬರೇ ಹಾಲಿಗೆ ಹೋಗುತ್ತಾರೆ. ಪಕ್ಕದ ಮನೆಯ ಜಗಲಿ ಸವರಿಕೊಂಡು, ಮೋರಿ ಕಲ್ಲು ತಿರುಗಿದ ಕಡೆ ತಿರುಗಿ, ಸೊಪ್ಪಿನವಳ ಜೊತೆ ಕೊತ್ತಂಬರಿಗೆ ಜಗಳವಾಡಿ, ಬೀದಿಯ ಸುದ್ದಿಯನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಬರುತ್ತಾರೆ. ಮೇಲಕ್ಕೆ ಹೋದರೆ ಅವರು ಆಮೇಲೆ ಒಬ್ಬರೇ ಹೊರಗೆ ಹೋಗಲಾರರು. ಮುಂದಿನದೆಲ್ಲ ನಾಲ್ಕು ಗೋಡೆ, ಒಂದು ಕುರ್ಚಿ. ಇದನ್ನೇ ಆಕ್ಷೇಪವಾಗಿ ಕೊಟ್ಟೆವು.

ಆಕ್ಷೇಪ ಕೊಟ್ಟವರ ಮನೆಗೆ ಸಮಾಧಾನದ ಇಲಾಖೆಯವರು ಬರುತ್ತಾರೆ. ಬಣ್ಣ ಬದಲಿಸುವ ಅಧಿಕಾರ ಅವರಿಗಿಲ್ಲ, ಕೇಳಿಸಿಕೊಳ್ಳುವುದಷ್ಟೇ ಅವರ ನೌಕರಿ. ನಮ್ಮಲ್ಲಿಗೆ ಬಂದವಳು ತುಂಬಿದ ಬಸುರಿ. ಅತ್ತೆಯ ಕೈ ಹಿಡಿದುಕೊಂಡೇ ಕೂತಳು. ಅತ್ತೆ ಅವಳಿಗೆ, "ಈ ಬೀದಿ ನನ್ ಕಾಲಿಗೆ ಗೊತ್ತು ಕಣವ್ವ. ಮ್ಯಾಲಕ್ಕೆ ಹೊತ್ಕೊಂಡು ಹೋಗಿ ಕೂರಿಸ್ಬುಟ್ರೆ ನಾನು ಎಲ್ಲಿಗೆ ಅಂತ ಹೋಗ್ಲಿ?" ಎಂದರು. ಅವಳು ಕಣ್ಣೊರೆಸಿಕೊಂಡಳು, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ ಅಜ್ಜಿ ಎಂದಳು. ಅಷ್ಟು ನಯ ನನಗೆ ಹಿಡಿಸಲಿಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ. ಎದ್ದು ಹೊರಟಾಗ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ಸುಮ್ಮನೆ ನಿಂತಳು, ಏನನ್ನೋ ಕಾಯುವವಳ ಹಾಗೆ. ಅತ್ತೆ ನನ್ನನ್ನು ಗದರಿಕೊಂಡರು. "ಏನೇ ಹಂಗೇ ನಿಂತ್ಕಂಡೆ? ಬಸುರಿ ಹೆಂಗಸ್ನ ಬರಿಗೈಲಿ ಕಳ್ಸಕ್ಕಾಯ್ತದಾ? ತಟ್ಟೆ ತಗಂಬಾ!" ನಾನು ತಟ್ಟೆ ತಂದುಕೊಟ್ಟೆ. ಅತ್ತೆಯೇ ತಡವರಿಸಿ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಕಣ ಅವಳ ಮಡಿಲಿಗೆ ಹಾಕಿ, ಸುಖವಾಗಿ ಹಡೆಯವ್ವ ಎಂದು ಹರಸಿದರು.

ವಾರದಲ್ಲಿ ಉತ್ತರ ಬಂತು. ಸದರಿ ಮನೆಯವರು ತಾಂಬೂಲ ಕೊಟ್ಟಿರುವುದರಿಂದ ಒಪ್ಪಿಗೆಯಾಗಿದೆ, ಆಕ್ಷೇಪ ಮುಗಿದಿದೆ, ಸಹಕಾರಕ್ಕೆ ವಂದನೆಗಳು. ಅಯ್ಯೋ ಶಿವನೇ! ನಮ್ಮಲ್ಲಿ ಹೆಣ್ಣು ಕೊಟ್ಟು ತರುವ ಮಾತು ತಾಂಬೂಲದಿಂದ ಗಟ್ಟಿಯಾಗುವುದು ನಿಜ. ಮನೆಗೆ ಬಂದವಳಿಗೆ ಕೊಡುವ ಎಲೆ ಅಡಿಕೆಗೂ ಆ ಬೆಲೆ ಕಟ್ಟಿದ ಬುದ್ಧಿವಂತ ಯಾರೋ ನಾ ಕಾಣೆ. ವಿಚಾರಿಸಿದರೆ ಪಕ್ಕದ ಮನೆಗೂ ಒಬ್ಬ ಬಸುರಿ ಬಂದಿದ್ದಳಂತೆ, ಎದುರು ಮನೆಗೂ ಇನ್ನೊಬ್ಬಳು. ಒಂದು ಇಲಾಖೆಯಲ್ಲಿ ಅಷ್ಟೊಂದು ಜನ ಬಸುರಿಯರೇ? ಎದುರು ಮನೆಯ ನಿಂಗರಾಜು ಅದು ದಿಂಬು ಎನ್ನುತ್ತಾನೆ. ದಿಂಬೋ ಕೂಸೋ, ಬೀದಿಯಲ್ಲಿ ಯಾರೂ ಬರಿಗೈಯಲ್ಲಿ ಕಳಿಸಿರಲಿಲ್ಲ.

ಜಗಳಕ್ಕೆಂದೇ ನಾನು ಇಲಾಖೆಗೆ ಹೋದೆ. ಹಜಾರದಲ್ಲಿ ಎಲ್ಲಕ್ಕಿಂತ ಹಳೆಯದೊಂದು ಫೋಟೋ ತೂಗುಹಾಕಿದ್ದಾರೆ, ಅದರಲ್ಲಿ ನೀವಿದ್ದೀರಿ. ನಿಮ್ಮ ಕಾಲದ ಮೊದಲನೆಯ ಅಹವಾಲು ಸಭೆ. ಅಧಿಕಾರಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಪುಟ್ಟಮಾದಯ್ಯನವರೇ, ನೀವೇ ಅವರ ತಲೆಗೆ ಪೇಟ ಇಡುತ್ತಿದ್ದೀರಿ. ಕೆಳಗೆ, ನಿಮ್ಮ ಹೆಸರಿನ ಜೊತೆಗೇ, ಹೊಸ ವಲಯಕ್ಕೆ ನಾಗರಿಕರ ಹೃತ್ಪೂರ್ವಕ ಸ್ವಾಗತ ಎಂದು ಬರೆದಿದೆ. ದೂರು ಹೇಳಲು ಹೋದವರು ಮೊದಲು ಸನ್ಮಾನ ಮಾಡಿದಿರಿ! ಊರಿಗೆ ದೊಡ್ಡವರು ಬಂದರೆ ಶಾಲು ಹೊದಿಸದೆ ಮಾತಾಡುವುದು ಹೇಗೆ ಎಂದುಕೊಂಡಿರಬೇಕು. ಶಾಲು ಹೊದ್ದವರಿಗೆ ಎದುರಾಡಲು ಆಮೇಲೆ ನಿಮಗೇ ನಾಲಿಗೆ ಏಳಲಿಲ್ಲ. ನಮ್ಮ ಮರ್ಯಾದೆಯನ್ನೇ ಹಗ್ಗ ಮಾಡಿ ನಮ್ಮನ್ನೇ ಕಟ್ಟಬಹುದೆಂದು ಅವರು ಕಲಿತದ್ದು ಆ ದಿನ. ಸಿಟ್ಟು ಬರುತ್ತದೆ ನಿಮ್ಮ ಮೇಲೆ. ಅತ್ತೆಯ ಮೇಲೂ ಬರಬೇಕಿತ್ತು, ಬರುವುದಿಲ್ಲ.

ಅದೇ ಫೋಟೋದ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ಕೈ ಎತ್ತಿದ್ದಾಳೆ. ಬಾಯಿ ತೆರೆದಿದೆ. ಪಕ್ಕದವರು ಸೆರಗು ಹಿಡಿದು ಕೂರಿಸುತ್ತಿದ್ದಾರೆ. ಅವಳು ಯಾರೋ, ಏನು ಕೇಳಲು ಎದ್ದಳೋ, ಇಲ್ಲಿ ಯಾರಿಗೂ ಗೊತ್ತಿಲ್ಲ.

ಮನೆ ಖಾಲಿ ಮಾಡಲು ನಾಳೆ ಬರುತ್ತಾರೆ. ಪಾತ್ರೆ ಕಟ್ಟುತ್ತಿದ್ದಾಗ ಅತ್ತೆ ಕೇಳಿದರು, "ಗೌರೀ, ಆ ಮನೇಲಿ ಬಾಗ್ಲು ದಾಟಿದ್ರೆ ಬೀದಿ ಎಡಕ್ಕೋ ಬಲಕ್ಕೋ? ಈಗ್ಲೇ ಹೇಳ್ಬುಡು, ಕಾಲಿಗೆ ರೂಢಿಯಾಗ್ಲಿ." ಎಡಕ್ಕೆ ಅತ್ತೆ ಎಂದೆ. ಅಲ್ಲಿ ಎಡಕ್ಕಿರುವುದು ಗಾಜು, ಅದರಾಚೆ ಏನೂ ಇಲ್ಲ.

ಈ ಪತ್ರದಿಂದ ನಮ್ಮ ನಾಳೆ ಬದಲಾಗದು ಎಂದು ಅಂಚೆಯವರು ಹೇಳುತ್ತಾರೆ. ಅದನ್ನೂ ನಾನು ಪೂರ್ತಿ ನಂಬಿಲ್ಲ. ನಿಮ್ಮ ಸಭೆ ಇನ್ನೂ ನಡೆದಿಲ್ಲದಿದ್ದರೆ, ಹಿರಿಯರೇ, ಕಾಲಿಗೆ ಬಿದ್ದು ಕೇಳುತ್ತೇನೆ. ಬಂದ ಅಧಿಕಾರಿಗೆ ಕುರ್ಚಿ ಕೊಡಿ, ಕುಡಿಯಲು ನೀರು ಕೊಡಿ, ಅಷ್ಟೇ ಸಾಕು. ಆ ಹೆಂಗಸು ಎದ್ದು ನಿಂತಾಗ ಅವಳ ಸೆರಗು ಬಿಡಿ.