ಎರಡು ದಡದ ಪಾಲು

ಅಂತೋನಿಯಾರ್‌ಪುರ,
ರಾಮನಾಥಪುರ ಜಿಲ್ಲೆ
9 ಫೆಬ್ರವರಿ 2024

ಪ್ರೀತಿಯ ಸೆಬಮಾಲೈ,

ನೀನು ಆಗಸ್ಟಿನಲ್ಲಿ ಬರೆದ ಕಾಗದ ಸೆಪ್ಟೆಂಬರಿನಲ್ಲಿ ಕೈಸೇರಿತು. ನಮ್ಮಿಬ್ಬರ ನಡುವಿನ ನೀರು ನಾಡದೋಣಿಗೆ ಮೂರು ಗಂಟೆಯ ದಾರಿ. ಕಾಗದ ಮಾತ್ರ ಕೊಲಂಬೊ, ಚೆನ್ನೈ ಎಲ್ಲ ಸುತ್ತಿ ಬರಬೇಕು. ಆ ತಡಕ್ಕೆ ಅಂಚೆಯವರನ್ನು ಬೈಯಬಹುದು. ಆಮೇಲಿನ ಐದು ತಿಂಗಳಿಗೆ ಬೈಸಿಕೊಳ್ಳಬೇಕಾದವನು ನಾನೇ. ನಾಲ್ಕು ಸಲ ಬರೆಯಲು ಕೂತೆ. ಒಂದು ಸಲ ಎರಡು ಪುಟ ಬರೆದು ಹರಿದೆ. ಇದನ್ನಾದರೂ ಮುಗಿಸುತ್ತೇನೆ ಎಂದುಕೊಂಡಿದ್ದೇನೆ.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುವುದಿಲ್ಲ. ನನ್ನ ಮಂಡಿ ಹೋಯಿತು. ನನ್ನವಳು ಲೂರ್ದುವಿಗೆ ಸಕ್ಕರೆ ಹೆಚ್ಚಾಗಿದೆ, ಆದರೂ ಕದ್ದು ಬೆಲ್ಲ ತಿನ್ನುತ್ತಾಳೆ. ನಾನು ನಿವೃತ್ತನಾಗಿ ಹತ್ತು ವರ್ಷವಾದರೂ ಬೆಳಿಗ್ಗೆ ಎದ್ದು ಲೈಬ್ರರಿಗೇ ಹೋಗುತ್ತೇನೆ. ಒಂಬತ್ತು ಪತ್ರಿಕೆ ಬರುತ್ತಿದ್ದಲ್ಲಿ ಈಗ ಎರಡು ಬರುತ್ತವೆ. ಹೊಸ ಪುಸ್ತಕ ಬಂದು ನಾಲ್ಕು ವರ್ಷ. ಈಗಿನ ಲೈಬ್ರರಿಯನ್‌ಗೆ ಮೂರು ಊರಿನ ಜವಾಬ್ದಾರಿ, ಪಾಪ, ನಮ್ಮ ಪಾಲಿಗೆ ವಾರಕ್ಕೆ ಎರಡು ದಿನ. ನೀನು ಮಂಡಪಂ ನಿರಾಶ್ರಿತರ ಕ್ಯಾಂಪಿನಿಂದ ಸೈಕಲ್ ತುಳಿದುಕೊಂಡು ಬಂದು ಕೂರುತ್ತಿದ್ದ ಕಿಟಕಿಯ ಬೆಂಚು ಮುರಿದಿದೆ. ನಿರಾಶ್ರಿತನ ವಿಳಾಸ ವಿಳಾಸವೇ ಅಲ್ಲ ಎಂದು ಮೇಲಧಿಕಾರಿ ನಿನಗೆ ಸದಸ್ಯತ್ವ ಕೊಡಲಿಲ್ಲ. ಹದಿನಾಲ್ಕು ವರ್ಷ ನನ್ನ ಕಾರ್ಡಿನಲ್ಲೇ ಓದಿದೆ. ಆ ಅಧಿಕಾರಿಯ ಹೆಸರು ನನಗಿನ್ನೂ ನೆನಪಿದೆ. ಇಂಥವು ಮರೆಯುವುದಿಲ್ಲ, ಕನ್ನಡಕ ಎಲ್ಲಿಟ್ಟೆನೆಂಬುದು ಮರೆಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮಕ್ಕಳ ವಿಷಯ.

ನಿನ್ನ ಮಗ ಅಮಲದಾಸ್, ನನ್ನ ತಂಗಿಯ ಮಗಳು ಜೆನೋವಾ, ಇವರಿಬ್ಬರೂ ಕ್ಯಾಂಪಿನ ಬೇಲಿಯ ಹತ್ತಿರ ಚಿಪ್ಪು ಆರಿಸುತ್ತ ಬೆಳೆದವರು. ನೀವು ವಾಪಸು ಹೋದ ಮೇಲೆ ಹನ್ನೊಂದು ವರ್ಷ ಒಬ್ಬರನ್ನೊಬ್ಬರು ನೋಡಲಿಲ್ಲ. ಫೋನಿನಲ್ಲಿ ಮತ್ತೆ ಸಿಕ್ಕಿ ವೀಡಿಯೊ ಶುರುಮಾಡಿದಾಗ ನಾವಿಬ್ಬರೂ ನಕ್ಕಿದ್ದೆವು. ಒಂದೇ ದಿನ, ಒಂದೇ ಅಡಿಗೆ, ಎರಡು ದಡದಲ್ಲಿ. ಇಲ್ಲಿ ಅವಳು ಏಡಿ ಸಾರು ಮಾಡುವುದು, ಅಲ್ಲಿ ನಿನ್ನ ಹೆಂಡತಿ ಪಿಲೋಮಿ ಮಾಡುವುದು. ಅಮಲದಾಸ್ ಅಲ್ಲಿಂದ ತುಣುಕು ಕಳಿಸುತ್ತಿದ್ದ, ಜೆನೋವಾ ಇಲ್ಲಿ ಕಂಪ್ಯೂಟರಿನಲ್ಲಿ ಎರಡನ್ನೂ ಹೊಲಿಯುತ್ತಿದ್ದಳು. ಹೆಸರು ಇಬ್ಬರದೂ ಇರುತ್ತಿತ್ತು. ದುಡ್ಡು ಮಾತ್ರ ವೀಡಿಯೊ ತೋರಿಸುವ ಕಂಪನಿಯಿಂದ ಅವಳೊಬ್ಬಳ ಖಾತೆಗೆ ಬರುತ್ತಿತ್ತು. ಹೇಗೆ ಹಂಚುವುದೆಂದು ನನ್ನನ್ನು ಕೇಳಿದರು.

ನಾನು ಹಳೆಯ ದೋಣಿಯ ಪದ್ಧತಿ ಹೇಳಿಕೊಟ್ಟೆ. ಮೊದಲು ಖರ್ಚು ತೆಗೆಯಿರಿ. ಆ ವಾರ ಯಾರದಾದರೂ ಬಲೆ ಹರಿದಿದ್ದರೆ ಅದರ ದುರಸ್ತಿಗೆ ತೆಗೆದಿಡಿ, ಯಾರಿಗೂ ಪಾಲು ಹೋಗುವ ಮುಂಚೆ. ಉಳಿದದ್ದರಲ್ಲಿ ದೋಣಿಗೊಂದು ಪಾಲು, ಕೈಗೊಂದು ಪಾಲು. ದೋಣಿ ಅಂದರೆ ಇಲ್ಲಿ ಕಂಪ್ಯೂಟರು. ನಿನ್ನ ಮಗ ಫೋನಿನಲ್ಲಿ ಕೂಗಿದ, "ದೊಡ್ಡಪ್ಪಾ, ಹಾಗಾದ್ರೆ ಅಮ್ಮಂಗೂ ಒಂದು ಪಾಲು! ಜನ ನೋಡೋದು ಅಡಿಗೆಗಲ್ಲ, ಅವಳು ಬೈಯೋದಕ್ಕೆ!" ಹಿಂದಿನಿಂದ ಪಿಲೋಮಿ, "ನಿನ್ನಪ್ಪನ್ನ ನಲವತ್ತು ವರ್ಷ ಬೈದೆ, ಒಂದು ಕಾಸು ಬರ್ಲಿಲ್ಲ" ಎಂದಳು. ಅವಳಿಗೂ ಒಂದು ಪಾಲು ಇಟ್ಟೆವು.

ಮೊದಲ ಸಲ ಆ ಪಾಲು ಕಳಿಸಲು ಜೆನೋವಾ ಜತೆ ನಾನೂ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯವನು ಕೇಳಿದ, "ಹೊರದೇಶಕ್ಕೆ ಯಾವ ಬಾಬ್ತು ಕಳಿಸ್ತಿದೀರಮ್ಮ?"

"ಪಾಲು, ಸರ್."

"ಯಾವ ಪಾಲು?"

"ಮೀನಿನ ಪಾಲಿನ ಥರಾನೇ ಸರ್. ಮೀನಿರಲ್ಲ, ಅಷ್ಟೆ."

ಅವನು ಯಾವ ಕಲಮಿನಡಿ ಹಾಕಿದನೋ ದೇವರಿಗೇ ಗೊತ್ತು, ಅಂತೂ ಕಳಿಸಿದ. ಎರಡು ವರ್ಷ ನಡೆಯಿತು. ಎಷ್ಟು ಜನ ನೋಡಿದರೆಂದು ಎಣಿಸುವವರು ಕಂಪನಿಯವರು, ಬೆಲೆ ಕಟ್ಟುವವರೂ ಅವರೇ. ನನ್ನ ಅಪ್ಪನ ಕಾಲದ ಮೀನು ಸಾಹುಕಾರ ಟವೆಲಿನ ಕೆಳಗೆ ಬೆರಳು ಮುಟ್ಟಿ ಬೆಲೆ ಹೇಳುತ್ತಿದ್ದ. ಅವನ ಬೆರಳಾದರೂ ಕೈಗೆ ತಾಗುತ್ತಿತ್ತು. ಆದರೂ ಬಂದಷ್ಟನ್ನು ಮಕ್ಕಳು ಹಂಚಿಕೊಂಡ ರೀತಿ ನೋಡಿ ನನಗೆ ಹೆಮ್ಮೆಯಿತ್ತು. ಎರಡೂ ಸರ್ಕಾರ ಮಾಡಲಾಗದ್ದನ್ನು ಎರಡು ಫೋನು ಮಾಡಿದವು ಎಂದು ಲೈಬ್ರರಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದೆ.

ಜುಲೈ ತಿಂಗಳ ಆ ಬುಧವಾರದ್ದು ನಿನಗೆ ನಾನು ಹೇಳಬೇಕಾಗಿಲ್ಲ. ಕಡಲ ತಳ ಕೆರೆಯುವ ನಮ್ಮ ಟ್ರಾಲ್ ಬೋಟುಗಳು ಹೊರಡುವ ದಿನಗಳನ್ನು, ಆ ದಿನ ಬಲೆ ಬಿಡಬಾರದೆಂದು, ನಿಮ್ಮ ಕಡೆಯವರು ಮಕ್ಕಳಿಗೆ ಮಗ್ಗಿಯಂತೆ ಕಲಿಸಿದ್ದಾರೆ. ಅಮಲದಾಸ್ ಆ ದಿನ ಧೈರ್ಯ ಮಾಡಿ ಬಲೆ ಬಿಟ್ಟ. ಬೆಳಗಿನ ಮಂಜಿನಲ್ಲಿ ಈ ಕಡೆಯ ಬೋಟೊಂದು ಬಂದು ಹನ್ನೆರಡು ತುಂಡು ಬಲೆಯ ಮೇಲೆ ತನ್ನ ಬಲೆ ಎಳೆದುಕೊಂಡು ಹೋಯಿತು. ಅವನು ಕೂಗಿದ, ಟಾರ್ಚು ಬೀಸಿದ, ಕೊನೆಗೆ ಫೋನು ಹಿಡಿದ. ಅಷ್ಟು ದೂರದ ಚಿತ್ರದಲ್ಲಿ ಬೋಟಿನ ಸಂಖ್ಯೆ ಕಾಣುತ್ತಿರಲಿಲ್ಲ. ಸಂಖ್ಯೆಯಿಲ್ಲದ ದೂರನ್ನು ನಿಮ್ಮ ಮೀನುಗಾರಿಕೆ ಕಚೇರಿ ಬರೆದುಕೊಳ್ಳುವುದಿಲ್ಲ, ಪರಿಹಾರವಂತೂ ದೂರ. ಜೆನೋವಾ ಮೂರು ದಿನ ಕೂತು ಆ ಚಿತ್ರವನ್ನು ಹಿಗ್ಗಿಸಿ, ತಿಳಿಮಾಡಿ, ಸಂಖ್ಯೆ ಹೊರತೆಗೆದಳು. "ಸಿಕ್ತು ಅಣ್ಣಾ!" ಎಂದು ಅವನಿಗೆ ಒಂದು ಸಾಲು ಕಳಿಸಿದಳು.

ಮರುದಿನ ವೀಡಿಯೊ ಹೊರಗೆ ಬಂದಾಗ ಸಂಖ್ಯೆಯನ್ನು ಮಬ್ಬು ಮಾಡಲಾಗಿತ್ತು.

ಅಮಲದಾಸ್ ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ.

"ನಂಬರ್ ಎಲ್ಲಿ ಜೆನೋವಾ?"

"ಅಣ್ಣಾ, ನಾವು ಇಲ್ಲಿ ಬದುಕಬೇಕಲ್ಲ."

"ಮತ್ತೆ ನಾವು ಇಲ್ಲಿ?"

ಇಷ್ಟೇ ಮಾತು.

ಇದರ ಮೇಲೆ ಆ ವೀಡಿಯೊವನ್ನು ಹನ್ನೊಂದು ಲಕ್ಷ ಜನ ನೋಡಿದರು. ಅವರು ಮಾಡಿದ ಯಾವ ಏಡಿ ಸಾರಿಗೂ ಅಷ್ಟು ಜನ ಬಂದಿರಲಿಲ್ಲ. ಹರಿದ ಬಲೆಯ ನಡುವೆ ಹಬ್ಬದ ಸೀರೆಯ ಜಾಹೀರಾತು, ಸೆಬಮಾಲೈ! ಅಮಲದಾಸ್ ಬಲೆಯ ತುದಿ ಹಿಡಿದು ಅಳುತ್ತಾನೆ, ತಟ್ಟನೆ ಒಬ್ಬಳು ಸೆರಗು ಬೀಸಿ ನಗುತ್ತಾಳೆ, ಮತ್ತೆ ಅವನು ಅಳುತ್ತಾನೆ. ಇಂಥದ್ದಕ್ಕೆ ಬಂದ ದುಡ್ಡು ನಲವತ್ತೆರಡು ಸಾವಿರ. ಜೆನೋವಾ ಪದ್ಧತಿ ತಪ್ಪಲಿಲ್ಲ. ಬಲೆ ಹರಿದವನದು ಮೊದಲು ಎಂದು, ಕಂಪ್ಯೂಟರಿನ ಪಾಲೂ ತೆಗೆಯದೆ ಇಡೀ ಮೊತ್ತ ಕಳಿಸಿದಳು. ಹತ್ತನೆಯ ದಿನ ಅದು ಬಂದ ದಾರಿಯಲ್ಲೇ ತಿರುಗಿ ಬಂತು. ಜತೆಗೆ ಅವನ ಧ್ವನಿ: "ನನ್ನ ಹರಿದ ಬಲೆ ತೋರಿಸಿ ಗಳಿಸಿದ ದುಡ್ಡಲ್ಲಿ ಹೊಸ ಬಲೆ ತಂದ್ರೆ ಅದ್ರಲ್ಲಿ ಮೀನು ನಿಲ್ಲುತ್ತೇನಮ್ಮಾ? ನನ್ನ ಹೆಸರು ತೆಗೆದುಬಿಡು."

ಅವಳು ತೆಗೆದಿಲ್ಲ. ಹೊಸ ವೀಡಿಯೊವನ್ನೂ ಮಾಡಿಲ್ಲ. ಐದಾರು ತಿಂಗಳಿನಿಂದ ಆ ದುಡ್ಡು ಹಾಗೇ ಇದೆ. ಈಗ ಹತ್ತಿರದ ಐಸ್ ಫ್ಯಾಕ್ಟರಿಯಲ್ಲಿ ರಸೀದಿ ಬರೆಯಲು ಹೋಗುತ್ತಾಳೆ.

ನೀನು ಕಾಗದದಲ್ಲಿ, "ನಿಮ್ಮ ಹುಡುಗಿಯನ್ನು ಯಾರು ಹೆದರಿಸಿದರು?" ಎಂದು ಕೇಳಿದ್ದೆ. ಸಂಖ್ಯೆ ಮಬ್ಬಾಗಿದ್ದರೂ ಬೋಟು ಮಾಲೀಕರ ಸಂಘದವರು ಚರ್ಚಿನ ಸಭಾಂಗಣದಲ್ಲಿ ಸಭೆ ಕರೆದಿದ್ದು ನಿಜ. ನನ್ನ ಹೆಂಡತಿಯ ತಮ್ಮ ರಾಯಪ್ಪನ್ ಗೊತ್ತಲ್ಲ, ಅವನೀಗ ಸಂಘದ ಖಜಾಂಚಿ. ಎಲ್ಲರೆದುರು ನನಗೆ ಹೇಳಿದ, "ಭಾವ, ನಿಮ್ಮ ಸೋದರ ಸೊಸೆಗೆ ಸ್ವಲ್ಪ ಬುದ್ಧಿ ಹೇಳಿ. ಅವಳು ತಿನ್ನೋ ಅನ್ನಾನೂ ಈ ದಡದ್ದೇ."

ನಾನು ಎದ್ದು ನಿಂತೆ. ಸರ್ಕಾರ ಸಾಲ ಕೊಟ್ಟು ಮೊದಲ ಟ್ರಾಲ್ ಬೋಟು ತಂದ ವರ್ಷ ನಾನು ಶಾಲೆಯಲ್ಲಿದ್ದೆ. ನಮ್ಮಪ್ಪ ಮುನ್ನೂರು ಹೆಬ್ಬೆಟ್ಟು ಒತ್ತಿಸಿ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟರು, ಕಡಲ ತಳ ಕೆರೆದರೆ ಮೊಟ್ಟೆಯೂ ಉಳಿಯುವುದಿಲ್ಲ ಎಂದು. ಆ ಅರ್ಜಿ ಬರೆದವನು ನಾನು. ಅದನ್ನೆಲ್ಲ ಹೇಳಿದೆ. ಈ ಕಡೆಯ ತಳ ಕೆರೆದು ಮುಗಿಸಿ ಈಗ ಆ ಕಡೆಗೆ ಹೋಗುತ್ತಿದ್ದೀರಿ, ಮೂವತ್ತು ವರ್ಷದ ಯುದ್ಧ ಕಳೆದ ಮೇಲೆ ಕಡಲಿಗೆ ಇಳಿದವರ ಬಲೆ ಹರಿಯುತ್ತಿದ್ದೀರಿ, ಅವರು ಆಡುವ ಮಾತೂ ನಿಮ್ಮದೇ, ಪೂಜೆಯೂ ನಿಮ್ಮದೇ ಎಂದೆ. ಹಿಂದಿನ ಸಾಲಿನಿಂದ ಯಾರೋ, "ಲೈಬ್ರರಿ ಮುಚ್ಚೋ ಹೊತ್ತಾಯ್ತು ಸಾರ್" ಎಂದರು. ಎಲ್ಲರೂ ನಕ್ಕರು. ರಾಯಪ್ಪನ್ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಸಾಕಾಗಿದೆ ಕಣೋ. ಐವತ್ತು ವರ್ಷದಿಂದ ಇದೇ ಭಾಷಣ ಮಾಡುತ್ತಿದ್ದೇನೆ. ಆಗ ಕಲ್ಲು ಎಸೆಯುತ್ತಿದ್ದರು, ಈಗ ನಗುತ್ತಾರೆ. ಯಾವುದು ಮೇಲೆಂದು ಗೊತ್ತಾಗುವುದಿಲ್ಲ.

ನಿನ್ನಲ್ಲಿ ಕೇಳುವುದು ಒಂದೇ. ಅಮಲದಾಸನಿಗೆ ಹೇಳಿ ಆ ಪಾಲು ತೆಗೆದುಕೊಳ್ಳುವಂತೆ ಮಾಡು. ಅವಳ ಮೇಲಿನ ಸಿಟ್ಟು ಬಿಡಲಿ. ಅವಳು ಈ ಮನೆಯಲ್ಲಿ ಯಾರಿಗೂ ಮುಖ ಕೊಟ್ಟು ಮಾತನಾಡುವುದಿಲ್ಲ. ನಿನ್ನೆ ಲೂರ್ದು, "ಆ ಹಳೇ ಏಡಿ ಸಾರಿನದ್ದು ಒಂಚೂರು ಹಾಕೇ, ಪಿಲೋಮಿ ಬೈಯೋದು ಕೇಳ್ಬೇಕು" ಎಂದಳು. ಜೆನೋವಾ ಹಾಕಿಕೊಟ್ಟು ಹೊರಗೆ ಹೋಗಿ ಕೂತಳು.

ನಿನ್ನ ಕಣ್ಣಿನ ಆಪರೇಷನ್ ಮುಂದೂಡಬೇಡ. ಪಿಲೋಮಿಯ ಬೈಗುಳಕ್ಕೆ ಕಸುವು ಕಡಿಮೆಯಾಗದಿರಲಿ. ಅಮಲದಾಸನ ಹೆಂಡತಿಗೆ ಸುಖವಾಗಿ ಹೆರಿಗೆಯಾಗಲಿ, ಹುಟ್ಟುವ ಮಗು ಕ್ಯಾಂಪು ಎಂಬ ಮಾತನ್ನು ಕಥೆಯಲ್ಲಿ ಮಾತ್ರ ಕೇಳಲಿ. ಕಡಲ ಮಾತೆ ನಿಮ್ಮೆಲ್ಲರ ಮನೆ ಕಾಯಲಿ.

ಎಂದಿಗೂ ನಿನ್ನವನು,
ಇನ್ನಾಸಿಮುತ್ತು

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಉಳಿಸಿಕೊಂಡದ್ದು: ಜೆನೋವಾಳನ್ನು ಸಂಘದವರು ಹೆದರಿಸಲಿಲ್ಲ. ಅವರ ಸಭೆ ನಡೆದದ್ದು ವೀಡಿಯೊ ಬಂದು ನಾಲ್ಕು ದಿನ ಕಳೆದು. ಸಂಖ್ಯೆ ಸಿಕ್ಕ ತಕ್ಷಣ ಅವಳು ಕರೆದು ತೋರಿಸಿದ್ದು ನನಗೆ. "ಮಾಮಾ, ಇದು ರಾಯಪ್ಪನ್ ಮಾವಂದು. ಆದ್ರೂ ಹಾಕ್ಲೇಬೇಕು, ಅಲ್ವಾ?" ಎಂದಳು. ಮಬ್ಬು ಮಾಡು ಎಂದವನು ನಾನು. ಅವಳು ಒಪ್ಪಲಿಲ್ಲ, ಅತ್ತಳು. ಅತ್ತೆಯ ತಮ್ಮ ಜೈಲಿಗೆ ಹೋಗುತ್ತಾನೆ, ನಿನ್ನ ಮದುವೆ ನಿಲ್ಲುತ್ತದೆ, ನಾವು ಇಲ್ಲಿ ಬದುಕಬೇಕು ಎಂದು ಒಂದೊಂದೇ ಹೇಳಿ ಒಪ್ಪಿಸಿದೆ. ಅವಳು ಫೋನಿನಲ್ಲಿ ಅಮಲದಾಸನಿಗೆ ಹೇಳಿದ್ದು ನನ್ನ ಮಾತು. ಅವಳಿಗೆ ಹೇಳದ್ದು ಇನ್ನೊಂದಿದೆ. ಕಾಗದದಲ್ಲಿ ಆ ಬೋಟು ರಾಯಪ್ಪನದು. ನಿವೃತ್ತಿಯಾದಾಗ ಬಂದ ಹಣ ಅದರಲ್ಲಿ ಹಾಕಿದ್ದೇನೆ, ಕಾಲು ಭಾಗ ನನ್ನದು. ಆ ಬುಧವಾರ ಹಿಡಿದ ಸಿಗಡಿಯ ಪಾಲು ಶನಿವಾರ ನನ್ನ ಕೈಗೆ ಬಂತು. ತೆಗೆದುಕೊಂಡೆ. ಬೋಟಿನ ಸಂಖ್ಯೆ 4917. ಹಿಂದೆ ಮುಂದೆ ನೋಡದೆ ಅಮಲದಾಸನಿಗೆ ಕೊಡು. ಕಚೇರಿಯವರು ಸಾಕ್ಷಿ ಕೇಳಿದರೆ ಈ ಕಾಗದ ತೋರಿಸಲಿ, ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ ಬರೆದು ಇನ್ನೊಮ್ಮೆ ಸಹಿ ಮಾಡಿದ್ದೇನೆ.

ಸೂಸೈಮಾಣಿಕ್ಕಂ ಮಗ ಇನ್ನಾಸಿಮುತ್ತು,
ಚರ್ಚಿನ ಹಿಂದಿನ ಬೀದಿ, ಅಂತೋನಿಯಾರ್‌ಪುರ